ಹಳೆಯ ಕಾಲದ ಕಾಲೇಜು ತರಬೇತುದಾರರ ವೃತ್ತಿಚರಿತ್ರೆಯನ್ನು ಬರೆಯುವ ಕ್ರಮ: ಏಮಸ್ ಅಲೊಂಜೊ ಸ್ಟ್ಯಾಗ್ ಅವರನ್ನು ಮುಂದಿಟ್ಟುಕೊಂಡು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಕಾಲೇಜುಗಳಲ್ಲಿ ಫುಟ್‌ಬಾಲ್ ಮತ್ತು ಬೇಸ್‌ಬಾಲ್ ಎರಡನ್ನೂ ಕಲಿಸಿದ ತರಬೇತುದಾರರ ಬಗ್ಗೆ ಕನ್ನಡದಲ್ಲಿ ಬರೆಯಲು ಹೊರಟವರಿಗೆ ಮೊದಲು ಸಿಗುವುದು ಸಾಮಾನ್ಯವಾಗಿ ಒಂದು ಪುಟ್ಟ ಕೋಷ್ಟಕ: ಯಾವ ಕಾಲೇಜು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಎಷ್ಟು ಗೆಲುವು, ಎಷ್ಟು ಸೋಲು, ಎಷ್ಟು ಸಮ. ಈ ಕೋಷ್ಟಕವನ್ನೇ ಬಿಡಿಸಿ ವಾಕ್ಯಗಳನ್ನಾಗಿ ಮಾಡಿದ ಮಾತ್ರಕ್ಕೆ ಅದು ವೃತ್ತಿಚರಿತ್ರೆಯಾಗುವುದಿಲ್ಲ. ಪ್ರತಿಯೊಂದು ಅಂಕಿಯನ್ನೂ ಆ ವರ್ಷದ ಆಟದ ನಿಯಮ, ಆ ವರ್ಷ ಆ ವ್ಯಕ್ತಿ ಹಿಡಿದಿದ್ದ ಹುದ್ದೆ ಮತ್ತು ಎದುರಿಗೆ ನಿಂತ ತಂಡ, ಈ ಮೂರರ ಜೊತೆಗಿಟ್ಟು ಓದಿದಾಗ ಮಾತ್ರ ಮನುಷ್ಯನ ದುಡಿಮೆ ಕಣ್ಣಿಗೆ ಕಾಣುತ್ತದೆ. ಬಹುತೇಕ ಬರಹಗಳಲ್ಲಿ ಒಂದೇ ಸಾಲಿಗೆ ಇಳಿದುಹೋಗುವ ಬೇಸ್‌ಬಾಲಿನ ಭಾಗಕ್ಕೆ ಅದರ ಪಾಲು ಸಿಗಬೇಕೆಂಬುದೂ ನನ್ನ ಬಲವಾದ ಅಭಿಪ್ರಾಯ. ಈ ಕೆಲಸವನ್ನು ಮಾಡುವ ಬಗೆಯನ್ನು ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಈ ಎರಡೂ ಆಟಗಳನ್ನು ಕಲಿಸಿದ ಏಮಸ್ ಅಲೊಂಜೊ ಸ್ಟ್ಯಾಗ್ ಅವರ ವೃತ್ತಿಜೀವನದ ಮೂಲಕ ಇಲ್ಲಿ ತೋರಿಸುತ್ತೇನೆ. ಅವರು 1862ರ ಆಗಸ್ಟ್ 16ರಂದು ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿ ಹುಟ್ಟಿ, 1965ರ ಮಾರ್ಚ್ 17ರಂದು ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್‌ನಲ್ಲಿ ತಮ್ಮ 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ದೀರ್ಘವಾದ ಜೀವನದಲ್ಲಿ ಇಂಥ ಬರವಣಿಗೆಯಲ್ಲಿ ಎದುರಾಗುವ ತೊಡಕುಗಳೆಲ್ಲವೂ ಒಂದಲ್ಲ ಒಂದು ಕಡೆ ಬಂದೇ ಬರುತ್ತವೆ.

ಆರಂಭಿಸುವ ಮೊದಲು ಒಂದು ಪದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕನ್ನಡ ಓದುಗರಿಗೆ ಫುಟ್‌ಬಾಲ್ ಎಂದರೆ ಕಾಲಿನಿಂದ ಆಡುವ, ಗೋಲು ಹೊಡೆಯುವ ಆಟ. ಇಲ್ಲಿ ಹೇಳುತ್ತಿರುವುದು ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕನ್ ಫುಟ್‌ಬಾಲ್. ಬರಹದ ಮೊದಲ ಪ್ಯಾರಾದಲ್ಲಿಯೇ ಇದನ್ನು ಒಮ್ಮೆ ಹೇಳಿಬಿಟ್ಟರೆ ಮುಂದೆ ಬರೀ ಫುಟ್‌ಬಾಲ್ ಎಂದು ಬರೆದರೂ ಗೊಂದಲವಾಗದು. ಹಳೆಯ ಅಮೆರಿಕನ್ ಪತ್ರಿಕೆಗಳನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. ಅಲ್ಲಿ ಕಾಲೇಜಿನ ‘ಇಲೆವೆನ್’ ಎಂದಿದ್ದರೆ ಅದು ಫುಟ್‌ಬಾಲ್ ತಂಡ, ‘ನೈನ್’ ಎಂದಿದ್ದರೆ ಬೇಸ್‌ಬಾಲ್ ತಂಡ. ಹನ್ನೊಂದು ಜನ ಎಂದ ಕೂಡಲೇ ನಮ್ಮ ಮನಸ್ಸು ಕ್ರಿಕೆಟ್ಟಿನ ಕಡೆ ಹೋಗುವುದು ಸಹಜವಾದ್ದರಿಂದ ಈ ಎರಡು ಪದಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲು ಪಂಚಾಂಗ ಹಾಕಿಕೊಳ್ಳಿ

ಕಾಗದದ ಮೇಲೆ ವರ್ಷಗಳನ್ನು ಮೇಲಿನಿಂದ ಕೆಳಕ್ಕೆ ಬರೆದು, ಪ್ರತಿ ವರ್ಷಕ್ಕೂ ಎರಡು ಮನೆಗಳನ್ನು ಬಿಡಿ: ಒಂದು ವಸಂತಕ್ಕೆ, ಇನ್ನೊಂದು ಶರತ್ತಿಗೆ. ಅಮೆರಿಕದ ಕಾಲೇಜುಗಳಲ್ಲಿ ಶೈಕ್ಷಣಿಕ ವರ್ಷ ಶರತ್ಕಾಲದಲ್ಲಿ ಆರಂಭವಾಗುತ್ತದೆ. ಫುಟ್‌ಬಾಲ್ ಶರತ್ಕಾಲದ ಆಟ, ಬೇಸ್‌ಬಾಲ್ ವಸಂತದ ಆಟ. ಆದ್ದರಿಂದ ಒಬ್ಬ ತರಬೇತುದಾರ ಒಂದೇ ದಿನ ಎರಡು ತಂಡಗಳ ಹೊಣೆ ಹೊತ್ತರೂ ಕೋಷ್ಟಕದಲ್ಲಿ ಅವನ ಫುಟ್‌ಬಾಲ್ ಮತ್ತು ಬೇಸ್‌ಬಾಲ್ ವರ್ಷಗಳ ನಡುವೆ ಒಂದು ವರ್ಷದ ವ್ಯತ್ಯಾಸ ಕಾಣಿಸುತ್ತದೆ. ಸ್ಟ್ಯಾಗ್ ಅವರ ಷಿಕಾಗೊ ಫುಟ್‌ಬಾಲ್ ಕಾಲ 1892ರಿಂದ 1932, ಬೇಸ್‌ಬಾಲ್ ಕಾಲ ಆರಂಭವಾಗುವುದು 1893ರಲ್ಲಿ. ಇದನ್ನು ಕಂಡು ಅವರಿಗೆ ಬೇಸ್‌ಬಾಲಿನ ಹೊಣೆಯನ್ನು ಒಂದು ವರ್ಷ ತಡವಾಗಿ ಕೊಟ್ಟರೆಂದು ಬರೆದರೆ ತಪ್ಪಾಗುತ್ತದೆ. ಷಿಕಾಗೊ ವಿಶ್ವವಿದ್ಯಾಲಯ ತರಗತಿಗಳನ್ನು ಆರಂಭಿಸಿದ್ದೇ 1892ರ ಅಕ್ಟೋಬರ್ 1ರಂದು. ಅದರ ಮೊದಲ ವಸಂತ ಬಂದದ್ದು 1893ರಲ್ಲಿ.

ಈ ಎರಡು ಮನೆಗಳ ಕೋಷ್ಟಕ ತುಂಬುತ್ತ ಹೋದಂತೆ ಖಾಲಿ ಜಾಗಗಳು ತಾವಾಗಿಯೇ ಎದ್ದು ಕಾಣುತ್ತವೆ. ಸ್ಟ್ಯಾಗ್ ಅವರ ಬೇಸ್‌ಬಾಲ್ ವರ್ಷಗಳು 1893ರಿಂದ 1905, ಮತ್ತೆ 1907ರಿಂದ 1913. ನಡುವೆ 1906 ಇಲ್ಲ. ಒಟ್ಟು ಅವಧಿಯನ್ನು ‘1893–1913’ ಎಂದು ಒಂದೇ ಗೆರೆ ಎಳೆದು ಬರೆಯುವವರು ಇಂಥ ವರ್ಷಗಳನ್ನು ನುಂಗಿಬಿಡುತ್ತಾರೆ. ಖಾಲಿ ಮನೆಯನ್ನು ಖಾಲಿಯಾಗಿಯೇ ಬಿಡುವುದು ಪ್ರಾಮಾಣಿಕ ಕ್ರಮ.

ಹುದ್ದೆ ಯಾವುದಾಗಿತ್ತು ಎಂಬುದನ್ನು ಹುಡುಕಿ

ತರಬೇತುದಾರ ಎಂಬ ಒಂದೇ ಪದದಡಿ ಆ ಕಾಲದಲ್ಲಿ ಬಗೆಬಗೆಯ ಕೆಲಸಗಳಿದ್ದವು. ಯೇಲ್ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲನ್ನು ರೂಪಿಸಿದ ವಾಲ್ಟರ್ ಕ್ಯಾಂಪ್ ಅವರು ಹಗಲು ಗಡಿಯಾರದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಅಭ್ಯಾಸವನ್ನು ನೋಡಿಕೊಂಡು ಬಂದು ವಿವರ ಹೇಳುತ್ತಿದ್ದವರು ಅವರ ಪತ್ನಿ ಆಲಿಸ್. ಹಲವು ಕಾಲೇಜುಗಳಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಶರತ್ಕಾಲದ ಮಟ್ಟಿಗೆ ಬಂದು ಕಲಿಸಿ ಹೋಗುತ್ತಿದ್ದ. ಮೈದಾನದಲ್ಲಿ ತೀರ್ಮಾನ ತೆಗೆದುಕೊಳ್ಳುತ್ತಿದ್ದವನು ತಂಡದ ನಾಯಕ. ಅಂಚಿನಲ್ಲಿ ನಿಂತು ತರಬೇತುದಾರ ಸೂಚನೆ ಕೊಡುವುದಕ್ಕೆ ಬಹುಕಾಲ ನಿಷೇಧವಿತ್ತು. ಇವತ್ತಿನ ಟಿ.ವಿ.ಯಲ್ಲಿ ಕಾಣುವ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಪ್ರತಿ ಚಲನೆಯನ್ನೂ ನಡೆಸುವ ತರಬೇತುದಾರನ ಚಿತ್ರವನ್ನು 1892ರ ಮೇಲೆ ಹೊರಿಸಬಾರದು.

ಸ್ಟ್ಯಾಗ್ ಅವರ ವಿಷಯದಲ್ಲಿ ಹುದ್ದೆಯೇ ದೊಡ್ಡ ಸಂಗತಿ. ಯೇಲ್‌ನಲ್ಲಿ ಅವರು ಧರ್ಮಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಹೀಬ್ರೂ ಕಲಿಸಿದ ವಿಲಿಯಂ ರೇನಿ ಹಾರ್ಪರ್ ಅವರು ಷಿಕಾಗೊ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷರಾದರು ಮತ್ತು ಸ್ಟ್ಯಾಗ್ ಅವರನ್ನು ದೈಹಿಕ ಶಿಕ್ಷಣ ವಿಭಾಗದ ನಿರ್ದೇಶಕರನ್ನಾಗಿ, ಸಹಪ್ರಾಧ್ಯಾಪಕರ ದರ್ಜೆಯಲ್ಲಿ, 2,500 ಡಾಲರ್ ವಾರ್ಷಿಕ ಸಂಬಳಕ್ಕೆ ಕರೆಸಿಕೊಂಡರು. ಕೆಲಸ ಖಾಯಂ ಆಗಿತ್ತು. ಒಂದೆರಡು ಸೀಸನ್ ಸೋತರೆ ಮನೆಗೆ ಹೋಗಬೇಕಾದ ಭಯವಿಲ್ಲದ ತರಬೇತುದಾರ 41 ಸೀಸನ್ ಒಂದೇ ಕಡೆ ನಿಂತದ್ದಕ್ಕೆ ಇದು ಮುಖ್ಯ ಕಾರಣ. ಅವರ ಗೆಲುವುಗಳ ಸಂಖ್ಯೆಯನ್ನು ಬೇರೆ ತರಬೇತುದಾರರ ಸಂಖ್ಯೆಯೊಂದಿಗೆ ಹೋಲಿಸುವಾಗ ಈ ಮಾತನ್ನು ಹೇಳದೆ ಇರುವುದು ನ್ಯಾಯವಲ್ಲ. ನಮ್ಮ ಹಳೆಯ ಹೈಸ್ಕೂಲುಗಳಲ್ಲಿ ಖೋ ಖೋ, ಕಬಡ್ಡಿ, ವಾಲಿಬಾಲ್, ಓಟ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುತ್ತಿದ್ದ ಡ್ರಿಲ್ ಮೇಷ್ಟ್ರನ್ನು ಬಲ್ಲವರಿಗೆ, ಸ್ಟ್ಯಾಗ್ ಅವರು ಫುಟ್‌ಬಾಲ್, ಬೇಸ್‌ಬಾಲ್, ಅಥ್ಲೆಟಿಕ್ಸ್ ಮೂರನ್ನೂ ಕಲಿಸಿದರೆಂಬುದು ವಿಚಿತ್ರವೆನಿಸದು. ಆ ಸಾದೃಶ್ಯದ ಹಿಂದೆ ನಿಜವಾದ ಒಂದು ನಂಟೂ ಇದೆ. ಷಿಕಾಗೊಕ್ಕೆ ಹೋಗುವ ಮುನ್ನ ಸ್ಟ್ಯಾಗ್ ಅವರು 1890 ಮತ್ತು 1891ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಫುಟ್‌ಬಾಲ್ ತಂಡವನ್ನು ನಡೆಸಿದ್ದರು. ಅದೇ ಸಂಸ್ಥೆಯಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು.

ಅಂಕಿಗಳನ್ನು ಕೂಡಿ ನೋಡಿ

ಯಾವುದೇ ಮೊತ್ತವನ್ನು ನಂಬುವ ಮುನ್ನ ಅದನ್ನು ಬಿಡಿಬಿಡಿಯಾಗಿ ಕೂಡಿಸಿ. ಸ್ಟ್ಯಾಗ್ ಅವರ ಫುಟ್‌ಬಾಲ್ ದಾಖಲೆ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 10 ಗೆಲುವು, 11 ಸೋಲು, 1 ಸಮ. ಷಿಕಾಗೊದಲ್ಲಿ 244 ಗೆಲುವು, 111 ಸೋಲು, 27 ಸಮ. ಸ್ಟಾಕ್‌ಟನ್‌ನ ಕಾಲೇಜ್ ಆಫ್ ದಿ ಪೆಸಿಫಿಕ್‌ನಲ್ಲಿ 60 ಗೆಲುವು, 77 ಸೋಲು, 7 ಸಮ. ಕೂಡಿದರೆ 314, 199, 35. ಪ್ರಚಲಿತವಾಗಿರುವ ಮೊತ್ತವೂ ಇದೇ ಆಗಿರುವುದರಿಂದ ಮುಂದುವರಿಯಬಹುದು. ಸೀಸನ್‌ಗಳ ಲೆಕ್ಕವನ್ನೂ ಹೀಗೆಯೇ ಪರೀಕ್ಷಿಸಿ: 2, 41, 14 ಕೂಡಿ 57. ಗೆಲುವಿನ ಶೇಕಡಾವಾರು ಬರೆಯುವಾಗ ಸಮವಾದ ಪಂದ್ಯವನ್ನು ಅರ್ಧ ಗೆಲುವೆಂದು ಎಣಿಸಿದ್ದೀರೋ, ಲೆಕ್ಕದಿಂದ ಬಿಟ್ಟಿದ್ದೀರೋ ಎಂಬುದನ್ನು ಹೇಳಿ. ಅರ್ಧವೆಂದು ಎಣಿಸಿದರೆ 548 ಪಂದ್ಯಗಳಿಗೆ 331.5, ಅಂದರೆ ಶೇಕಡಾ 60.5.

ಲೆಕ್ಕ ಸರಿಬಂತೆಂದರೆ ಅಂಕಿ ಅಚಲವಾಯಿತೆಂದು ಅರ್ಥವಲ್ಲ. ಆರಂಭದ ವರ್ಷಗಳಲ್ಲಿ ಕಾಲೇಜು ತಂಡಗಳು ಹೈಸ್ಕೂಲು ತಂಡ, ಊರಿನ ಕ್ಲಬ್ಬು, ವೈ.ಎಂ.ಸಿ.ಎ. ತಂಡ, ಹಳೆಯ ವಿದ್ಯಾರ್ಥಿಗಳ ತಂಡ ಹೀಗೆ ಸಿಕ್ಕವರೊಂದಿಗೆಲ್ಲ ಆಡುತ್ತಿದ್ದವು. 1892ರ ಷಿಕಾಗೊ ತಂಡವೂ ಹೈಸ್ಕೂಲು ಹುಡುಗರೊಂದಿಗೆ ಆಡಿತು; ಸಾಕಷ್ಟು ಆಟಗಾರರಿಲ್ಲದೆ ಸ್ಟ್ಯಾಗ್ ಅವರೇ ಅಂಗಿ ತೊಟ್ಟು ಮೈದಾನಕ್ಕಿಳಿದರು. ಅಂಥ ಪಂದ್ಯಗಳನ್ನು ಒಬ್ಬ ದಾಖಲೆಗಾರ ಸೇರಿಸಿಕೊಳ್ಳುತ್ತಾನೆ, ಇನ್ನೊಬ್ಬ ಬಿಡುತ್ತಾನೆ. 1981ರ ನವೆಂಬರ್ 28ರಂದು ಅಲಬಾಮಾ ವಿಶ್ವವಿದ್ಯಾಲಯದ ತರಬೇತುದಾರ ಬೇರ್ ಬ್ರಯಂಟ್ ಅವರು ತಮ್ಮ 315ನೆಯ ಗೆಲುವನ್ನು ಪಡೆದಾಗ ಅವರು ಸ್ಟ್ಯಾಗ್ ಅವರ 314ನ್ನು ದಾಟಿ ಎಲ್ಲರಿಗಿಂತ ಮುಂದೆ ಹೋದರೆಂದು ಇಡೀ ದೇಶ ಕೊಂಡಾಡಿತು. ಇನ್ನೊಬ್ಬ ಹಳೆಯ ತರಬೇತುದಾರ ಪಾಪ್ ವಾರ್ನರ್ ಅವರ ಖಾತೆಯಲ್ಲಿ ಆಗ ಇದ್ದದ್ದು 313. ನಂತರದ ಶೋಧನೆಯಲ್ಲಿ ವಾರ್ನರ್ ಅವರ ಗೆಲುವುಗಳು 319 ಎಂದು ಲೆಕ್ಕವಾದವು. ಆದ್ದರಿಂದ ದಾಖಲೆ ಮುರಿದರು, ಮೊದಲಿಗರಾದರು ಎಂಬ ಮಾತುಗಳನ್ನು ಬರೆಯುವಾಗ ‘ಆ ಹೊತ್ತಿನ ಲೆಕ್ಕದ ಪ್ರಕಾರ’ ಎಂಬ ನಾಲ್ಕು ಪದಗಳನ್ನು ಸೇರಿಸುವುದು ಅಗತ್ಯ.

ಪೆಸಿಫಿಕ್‌ನಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವುದನ್ನು ಮುಚ್ಚಿಡಬೇಡಿ, ಅದನ್ನು ಇಳಿಮುಖವೆಂದು ತೀರ್ಪು ಕೊಡಲೂ ಆತುರಪಡಬೇಡಿ. 1933ರಲ್ಲಿ ಅಲ್ಲಿಗೆ ಹೋದಾಗ ಅವರಿಗೆ 70 ವರ್ಷ. ಕಾಲೇಜು ಚಿಕ್ಕದು, ಎದುರಾಳಿಗಳು ಹಲವು ಸಲ ದೊಡ್ಡವರು. ಅಲ್ಲಿಯೇ 1943ರಲ್ಲಿ, ಯುದ್ಧಕಾಲದ ನೌಕಾದಳದ ತರಬೇತಿಗೆಂದು ಬಂದ ಹುಡುಗರೂ ತಂಡದಲ್ಲಿದ್ದಾಗ, 81ನೆಯ ವಯಸ್ಸಿನಲ್ಲಿ ಅವರು ದೇಶದ ವರ್ಷದ ತರಬೇತುದಾರರೆಂಬ ಗೌರವ ಪಡೆದರು.

ಆ ವರ್ಷದ ನಿಯಮಪುಸ್ತಕವನ್ನು ಪಕ್ಕದಲ್ಲಿಟ್ಟುಕೊಳ್ಳಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಹೆಚ್ಚು ಫಲ ಕೊಡುವ ಹಂತ ಇದು. 1884ರಿಂದ ಟಚ್‌ಡೌನ್‌ಗೆ 4 ಅಂಕ, ಅದರ ನಂತರದ ಒದೆತಕ್ಕೆ 2, ಫೀಲ್ಡ್ ಗೋಲಿಗೆ 5 ಅಂಕವಿತ್ತು. ಅಂದರೆ ಚೆಂಡನ್ನು ಹೊತ್ತು ಗೆರೆ ದಾಟುವುದಕ್ಕಿಂತ ಕಾಲಿನಿಂದ ಒದ್ದು ಕಂಬಗಳ ನಡುವೆ ಕಳಿಸುವುದಕ್ಕೆ ಬೆಲೆ ಹೆಚ್ಚು. 1898ರಲ್ಲಿ ಟಚ್‌ಡೌನ್ 5 ಅಂಕಕ್ಕೇರಿತು, ನಂತರದ ಒದೆತ 1ಕ್ಕೆ ಇಳಿಯಿತು. ಫೀಲ್ಡ್ ಗೋಲು 1904ರಲ್ಲಿ 4ಕ್ಕೆ, 1909ರಲ್ಲಿ 3ಕ್ಕೆ ಇಳಿಯಿತು. ಟಚ್‌ಡೌನ್‌ಗೆ ಇಂದಿನ 6 ಅಂಕ ಬಂದದ್ದು 1912ರಲ್ಲಿ. ಚೆಂಡನ್ನು ಮುಂದಕ್ಕೆ ಎಸೆಯುವ ಫಾರ್ವರ್ಡ್ ಪಾಸ್‌ಗೆ 1906ರವರೆಗೆ ಅವಕಾಶವೇ ಇರಲಿಲ್ಲ. ಹಾಗಾಗಿ 1895ರ ಒಂದು ಪಂದ್ಯದ ಅಂಕಗಳನ್ನು ನೋಡಿ ಎಷ್ಟು ಟಚ್‌ಡೌನ್ ಆದವೆಂದು ಇಂದಿನ ಲೆಕ್ಕದಲ್ಲಿ ಊಹಿಸಿದರೆ ಉತ್ತರ ತಪ್ಪುತ್ತದೆ.

ಸ್ಟ್ಯಾಗ್ ಅವರು ಆಟಗಾರನಾಗಿದ್ದ 1888ರ ಯೇಲ್ ತಂಡ 13 ಪಂದ್ಯಗಳಲ್ಲಿ 698 ಅಂಕ ಗಳಿಸಿ ಎದುರಾಳಿಗಳಿಗೆ ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ. ಈ ಅಂಕಿ ನಿಜವಾದರೂ, ಅದರ ಪಕ್ಕದಲ್ಲಿ ಆ ಕಾಲದ ಅಂಕಪದ್ಧತಿಯನ್ನೂ ಎದುರಾಳಿಗಳ ನಡುವಿನ ಅಂತರವನ್ನೂ ಒಂದು ವಾಕ್ಯದಲ್ಲಿ ಹೇಳದಿದ್ದರೆ ಓದುಗರಿಗೆ ಅದು ಬರೀ ಬೆರಗಾಗಿ ಉಳಿಯುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು 1905ರ ನವೆಂಬರ್ 30ರ ಪಂದ್ಯ. ಫೀಲ್ಡಿಂಗ್ ಯೋಸ್ಟ್ ಅವರ ಮಿಷಿಗನ್ ತಂಡ ಸತತ 56 ಪಂದ್ಯಗಳಲ್ಲಿ ಸೋಲು ಕಾಣದೆ ಷಿಕಾಗೊಕ್ಕೆ ಬಂದಿತ್ತು. ಷಿಕಾಗೊ ಗೆದ್ದದ್ದು 2–0 ಅಂತರದಿಂದ. ಆ ಎರಡು ಅಂಕ ಬಂದದ್ದು ಸೇಫ್ಟಿಯಿಂದ, ಅಂದರೆ ಚೆಂಡು ಹಿಡಿದಿದ್ದ ಮಿಷಿಗನ್ ಆಟಗಾರನನ್ನು ಅವನದೇ ಗೋಲು ಗೆರೆಯ ಹಿಂದೆ ತಡೆದು ಕೆಡವಿದ್ದರಿಂದ. ಫುಟ್‌ಬಾಲ್ ಕಾಳಗವಾಗಿ ಹೋಗಿದೆಯೆಂದು ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಿದ ವರ್ಷವೂ ಅದೇ. ಮರುವರ್ಷದ ಫಾರ್ವರ್ಡ್ ಪಾಸ್ ಬಂದದ್ದು ಆ ಒತ್ತಡದಿಂದ. ನಿಯಮ ಸಮಿತಿಯಲ್ಲಿ ಸ್ಟ್ಯಾಗ್ ಅವರೂ ಇದ್ದರು. ಹೀಗೆ ಒಂದು ಪಂದ್ಯದ ಒಣ ಅಂಕಿ, ಆ ವರ್ಷದ ನಿಯಮ ಮತ್ತು ದೇಶದ ಚರ್ಚೆ ಮೂರೂ ಒಂದೇ ಪ್ಯಾರಾದಲ್ಲಿ ಕೂಡಿಬರುತ್ತವೆ. ವೃತ್ತಿಚರಿತ್ರೆಯಲ್ಲಿ ಇಂಥ ಕೂಡುವ ಜಾಗಗಳಲ್ಲಿ ನಿಂತು ಬರೆಯಿರಿ, ಉಳಿದ ಸೀಸನ್‌ಗಳನ್ನು ಬೇಗ ದಾಟಿರಿ.

1905ರ ತಂಡವನ್ನು ರಾಷ್ಟ್ರೀಯ ಚಾಂಪಿಯನ್ ಎಂದು ಕರೆಯುವುದುಂಟು, 1913ರ ತಂಡವನ್ನೂ. ಆ ಕಾಲದಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ಪಂದ್ಯವೆಂಬುದು ಇರಲಿಲ್ಲ, ಆ ಪಟ್ಟ ನಂತರದ ಆಯ್ಕೆಗಾರರು ಹಿಂತಿರುಗಿ ನೋಡಿ ಕೊಟ್ಟದ್ದು. ಷಿಕಾಗೊ ಸೇರಿದ್ದ ಕಾಲೇಜುಗಳ ಒಕ್ಕೂಟವಾದ ವೆಸ್ಟರ್ನ್ ಕಾನ್ಫರೆನ್ಸ್‌ನ ಪ್ರಶಸ್ತಿಗಳು ಮಾತ್ರ ಆಯಾ ವರ್ಷವೇ ನಿಂತವು: 1899, 1905, 1907, 1908, 1913, 1922, 1924.

ಬೇಸ್‌ಬಾಲಿನ ಭಾಗಕ್ಕೆ ಪ್ರತ್ಯೇಕ ಅಧ್ಯಾಯ ಕೊಡಿ

ಸ್ಟ್ಯಾಗ್ ಅವರಿಗೆ ಮೊದಲು ಹೆಸರು ತಂದುಕೊಟ್ಟದ್ದು ಬೇಸ್‌ಬಾಲ್. ಯೇಲ್‌ನಲ್ಲಿ ಅವರು ದಾಂಡಿಗನತ್ತ ಚೆಂಡೆಸೆಯುವ ಪ್ರಮುಖ ಪಿಚರ್ ಆಗಿದ್ದರು; ವೃತ್ತಿಪರ ತಂಡಗಳ ಆಹ್ವಾನವನ್ನು ನಿರಾಕರಿಸಿದರು. ಫುಟ್‌ಬಾಲಿನಲ್ಲಿ 1889ರ ಮೊಟ್ಟಮೊದಲ ಅಖಿಲ ಅಮೆರಿಕ ತಂಡಕ್ಕೆ ಅವರು ಆಯ್ಕೆಯಾದದ್ದು ಆಮೇಲಿನ ಮಾತು. ಷಿಕಾಗೊದಲ್ಲಿ ಬೇಸ್‌ಬಾಲ್ ತರಬೇತುದಾರರಾಗಿ ಅವರ ದಾಖಲೆ 266 ಗೆಲುವು, 158 ಸೋಲು, 3 ಸಮ. ಫುಟ್‌ಬಾಲ್ ಗೆಲುವುಗಳ ಸಮೀಪಕ್ಕೆ ಬರುವ ಈ ಸಂಖ್ಯೆಯನ್ನು ಕೊನೆಯ ಸಾಲಿಗೆ ತಳ್ಳುವುದು ಸರಿಯಲ್ಲ.

ಇಲ್ಲಿಯೂ ನಿಯಮದ ದಿನಾಂಕ ಮುಖ್ಯ. ಸ್ಟ್ಯಾಗ್ ಅವರು ಯೇಲ್‌ನಲ್ಲಿ ಎಸೆಯುತ್ತಿದ್ದಾಗ ಪಿಚರ್ ನಿಲ್ಲುತ್ತಿದ್ದ ಚೌಕದ ಮುಂಗೆರೆ ದಾಂಡಿಗನಿಂದ 50 ಅಡಿ ದೂರದಲ್ಲಿತ್ತು. 1893ರಲ್ಲಿ ವೃತ್ತಿಪರ ಬೇಸ್‌ಬಾಲಿನಲ್ಲಿ ಆ ಚೌಕ ಹೋಗಿ, ಪಿಚರ್ ಕಾಲಿಡುವ ಪಟ್ಟಿ 60 ಅಡಿ 6 ಅಂಗುಲ ದೂರದಲ್ಲಿ ಬಂದು ಇಂದಿಗೂ ಹಾಗೆಯೇ ಉಳಿದಿದೆ. ಅವರು ಷಿಕಾಗೊದಲ್ಲಿ ಬೇಸ್‌ಬಾಲ್ ಕಲಿಸತೊಡಗಿದ ವಸಂತವೂ ಅದೇ. ತಾನು ಆಡಿದ ಆಟಕ್ಕೂ ತಾನು ಕಲಿಸುವ ಆಟಕ್ಕೂ ನಡುವೆ ಇಂಥ ಬದಲಾವಣೆ ಬಂದ ತರಬೇತುದಾರನ ಬಗ್ಗೆ ಬರೆಯುವಾಗ ಅದನ್ನು ಮರೆಯುವಂತಿಲ್ಲ. 1910ರಲ್ಲಿ ಷಿಕಾಗೊದ ಬೇಸ್‌ಬಾಲ್ ತಂಡ ಜಪಾನಿಗೆ ಹೋಗಿ ವಸೇದಾ ಮತ್ತು ಕೇಯೊ ವಿಶ್ವವಿದ್ಯಾಲಯಗಳ ತಂಡಗಳ ಜೊತೆ ಆಡಿ ಬಂದಿತೆಂಬುದು ಈ ಅಧ್ಯಾಯದಲ್ಲಿಯೇ ಬರಬೇಕು.

ಎರಡು ಆಟಗಳನ್ನು ಒಟ್ಟಿಗೆ ಓದದಿದ್ದರೆ ಏನು ತಪ್ಪಿಹೋಗುತ್ತದೆ ಎಂಬುದಕ್ಕೆ ಇನ್ನೊಬ್ಬರ ಉದಾಹರಣೆ ಕೊಡುತ್ತೇನೆ. ಜಾನ್ ಹೈಸ್‌ಮನ್ ಅವರ ಜಾರ್ಜಿಯಾ ಟೆಕ್ ತಂಡ 1916ರ ಅಕ್ಟೋಬರ್ 7ರಂದು ಕಂಬರ್‌ಲ್ಯಾಂಡ್ ಕಾಲೇಜನ್ನು ಫುಟ್‌ಬಾಲಿನಲ್ಲಿ 222–0 ಅಂತರದಿಂದ ಸೋಲಿಸಿತು. ಫುಟ್‌ಬಾಲ್ ದಾಖಲೆಯನ್ನಷ್ಟೇ ನೋಡಿದವರಿಗೆ ಇದು ಅರ್ಥವಾಗದ ನಿರ್ದಯತೆ. ಆದರೆ ಹೈಸ್‌ಮನ್ ಅವರು ಜಾರ್ಜಿಯಾ ಟೆಕ್‌ನ ಬೇಸ್‌ಬಾಲ್ ತರಬೇತುದಾರರೂ ಆಗಿದ್ದರು. ಅದಕ್ಕೂ ಮುಂಚೆ ಕಂಬರ್‌ಲ್ಯಾಂಡ್ ಪರವಾಗಿ ವೃತ್ತಿಪರ ಆಟಗಾರರನ್ನು ಇಳಿಸಿ ತಮ್ಮ ಬೇಸ್‌ಬಾಲ್ ತಂಡವನ್ನು 22–0ರಿಂದ ಸೋಲಿಸಿದರೆಂಬ ಸಿಟ್ಟು ಅವರಲ್ಲಿತ್ತೆಂದು ಹೇಳಲಾಗುತ್ತದೆ. ಕಾರಣ ಬೇಸ್‌ಬಾಲಿನ ಮನೆಯಲ್ಲಿತ್ತು, ಪರಿಣಾಮ ಫುಟ್‌ಬಾಲಿನ ಮನೆಯಲ್ಲಿ ಕಂಡಿತು.

ಬೇಸಿಗೆಯಲ್ಲಿ ಹಣ ಪಡೆದು ಬೇಸ್‌ಬಾಲ್ ಆಡುವುದು ಆ ಕಾಲದ ವಿದ್ಯಾರ್ಥಿಗಳಲ್ಲಿ ವ್ಯಾಪಕವಾಗಿದ್ದುದರಿಂದ, ಕಾಲೇಜು ತಂಡದಲ್ಲಿ ಆಡುವ ಅರ್ಹತೆ ಕಳೆದುಕೊಳ್ಳದಿರಲು ಹಲವರು ಸುಳ್ಳು ಹೆಸರಿನಲ್ಲಿ ಆಡುತ್ತಿದ್ದರು. ತಂಡದ ಪಟ್ಟಿಯಲ್ಲಿ ಎರಡು ಕಡೆ ಎರಡು ಹೆಸರು ಕಂಡರೆ ಈ ಸಾಧ್ಯತೆಯನ್ನೂ ಮನಸ್ಸಿನಲ್ಲಿಡಿ.

‘ಮೊದಲಿಗರು’ ಎಂಬ ಮಾತನ್ನು ಅಳೆದು ಬರೆಯಿರಿ

ಎದುರಾಳಿಯನ್ನು ಹಿಡಿದು ಕೆಡವುವ ಟ್ಯಾಕಲ್ ಅಭ್ಯಾಸದ ಬೊಂಬೆ, ಅಂಗಿಯ ಮೇಲಿನ ಸಂಖ್ಯೆ, ಒಳಾಂಗಣದ ಬ್ಯಾಟಿಂಗ್ ಬಲೆ, ಆಟಗಾರರು ತಲೆ ಕೂಡಿಸಿ ನಿಲ್ಲುವ ಹಡಲ್, ಹೀಗೆ ಸ್ಟ್ಯಾಗ್ ಅವರ ಹೆಸರಿಗೆ ಹಚ್ಚಿರುವ ಹೊಸತುಗಳ ಪಟ್ಟಿ ಉದ್ದವಾಗಿದೆ. ಪ್ರತಿಯೊಂದಕ್ಕೂ ಬೇರೆ ಹಕ್ಕುದಾರರಿದ್ದಾರೆಯೇ ಎಂದು ನೋಡಿ. ಹಡಲ್ ವಿಷಯದಲ್ಲಿ ವಾಷಿಂಗ್ಟನ್‌ನ ಕಿವುಡರ ಕಾಲೇಜಾದ ಗಾಲಡೆಟ್‌ನ ಪಾಲ್ ಹಬರ್ಡ್ ಅವರ ಹೆಸರು ಬಲವಾಗಿ ಕೇಳಿಬರುತ್ತದೆ: ತಮ್ಮ ಸಂಜ್ಞೆಗಳು ಎದುರಾಳಿಗೆ ಕಾಣದಿರಲೆಂದು ಅಲ್ಲಿನ ಆಟಗಾರರು 1890ರ ದಶಕದಲ್ಲಿ ವೃತ್ತ ಕಟ್ಟಿ ನಿಲ್ಲುತ್ತಿದ್ದರು. ಇಂಥ ಕಡೆ ಇಬ್ಬರ ಹೆಸರನ್ನೂ ಕೊಟ್ಟು ಮುಂದೆ ಹೋಗಿ. ಅದರ ಬದಲು, ದಿನಾಂಕ ಸಹಿತ ನಿಲ್ಲುವ ಸಂಗತಿಗಳಿಗೆ ಜಾಗ ಕೊಡಿ. 1892ರ ಮಾರ್ಚ್ 11ರಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಅವರು ರೂಪಿಸಿದ ಬ್ಯಾಸ್ಕೆಟ್‌ಬಾಲಿನ ಮೊದಲ ಸಾರ್ವಜನಿಕ ಪಂದ್ಯ ನಡೆದಾಗ ವಿದ್ಯಾರ್ಥಿಗಳು ಅಧ್ಯಾಪಕರನ್ನು 5–1ರಿಂದ ಸೋಲಿಸಿದರು. ಅಧ್ಯಾಪಕರ ಆ ಒಂದು ಅಂಕ ಸ್ಟ್ಯಾಗ್ ಅವರದು.

ಸಂಸ್ಥೆಗಳ ಹೆಸರುಗಳನ್ನು ಆ ಕಾಲದಲ್ಲಿ ಇದ್ದಂತೆ ಬರೆದು, ಇಂದಿನ ಹೆಸರನ್ನು ಒಮ್ಮೆ ಸೂಚಿಸಿದರೆ ಸಾಕು. ವೈ.ಎಂ.ಸಿ.ಎ. ತರಬೇತಿ ಶಾಲೆ ಇಂದು ಸ್ಪ್ರಿಂಗ್‌ಫೀಲ್ಡ್ ಕಾಲೇಜು, ಕಾಲೇಜ್ ಆಫ್ ದಿ ಪೆಸಿಫಿಕ್ ಇಂದು ವಿಶ್ವವಿದ್ಯಾಲಯ, ವೆಸ್ಟರ್ನ್ ಕಾನ್ಫರೆನ್ಸ್ ಇಂದು ಬಿಗ್ ಟೆನ್. ಷಿಕಾಗೊದ ಮೈದಾನವೂ ಮೊದಲು ಮಾರ್ಷಲ್ ಫೀಲ್ಡ್, ಆಮೇಲೆ ಸ್ಟ್ಯಾಗ್ ಫೀಲ್ಡ್. ಮಾರ್ಷಲ್ ಫೀಲ್ಡ್ ಎಂಬುದು ಜಾಗ ಕೊಟ್ಟ ವ್ಯಾಪಾರಿಯ ಹೆಸರೂ ಹೌದು.

ಆಕರಗಳಿಗೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಲೈಬ್ರರಿ ಆಫ್ ಕಾಂಗ್ರೆಸ್ ಹಳೆಯ ಪತ್ರಿಕೆಗಳನ್ನು ಉಚಿತವಾಗಿ ಓದಲು ಅಂತರಜಾಲದಲ್ಲಿ ಇಟ್ಟಿದೆ. ಕಾಲೇಜಿನ ವಾರ್ಷಿಕ ಸಂಚಿಕೆ, ವಿದ್ಯಾರ್ಥಿ ಪತ್ರಿಕೆ, ಅಧ್ಯಾಪಕರ ಪಟ್ಟಿಯಿರುವ ಕೈಪಿಡಿ ಈ ಮೂರೂ ಒಂದೇ ಮಾತನ್ನು ಹೇಳಿದರೆ ವರ್ಷವನ್ನು ಧೈರ್ಯವಾಗಿ ಬರೆಯಬಹುದು. ಸ್ಟ್ಯಾಗ್ ಅವರ ಕಾಗದಪತ್ರಗಳು ಷಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಹುಡುಕುವಾಗ ಹಳೆಯ ಮುದ್ರಣದಲ್ಲಿ ಫುಟ್ ಮತ್ತು ಬಾಲ್ ಬಿಡಿ ಪದಗಳಾಗಿರುತ್ತಿದ್ದವು ಎಂಬುದನ್ನು ಗಮನಿಸಿ, ಎರಡೂ ಬಗೆಯಲ್ಲಿ ಹುಡುಕಿ.

ಕೊನೆಯ ವರ್ಷಗಳನ್ನು ಕತ್ತರಿಸಬೇಡಿ

1932ರಲ್ಲಿ ಸ್ಟ್ಯಾಗ್ ಅವರಿಗೆ 70 ತುಂಬಿದಾಗ, ರಾಬರ್ಟ್ ಮೇನಾರ್ಡ್ ಹಚಿನ್ಸ್ ಅವರು ಅಧ್ಯಕ್ಷರಾಗಿದ್ದ ಷಿಕಾಗೊ ವಿಶ್ವವಿದ್ಯಾಲಯ ನಿವೃತ್ತಿಯ ನಿಯಮವನ್ನು ಅವರಿಗೂ ಅನ್ವಯಿಸಿತು. ತರಬೇತಿಯಿಲ್ಲದ ಬೇರೆ ಕೆಲಸವನ್ನು ಒಪ್ಪದೆ ಅವರು ಪಶ್ಚಿಮ ತೀರಕ್ಕೆ ಹೊರಟರು. ವಿಶ್ವವಿದ್ಯಾಲಯ 1939ರಲ್ಲಿ ಫುಟ್‌ಬಾಲನ್ನೇ ಕೈಬಿಟ್ಟಿತು. ಅದೇ ಸ್ಟ್ಯಾಗ್ ಫೀಲ್ಡ್‌ನ ಪಶ್ಚಿಮದ ಪ್ರೇಕ್ಷಕರ ಅಟ್ಟದ ಕೆಳಗೆ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ಅವರ ತಂಡ ಪರಮಾಣು ಸರಣಿಕ್ರಿಯೆಯನ್ನು ಮೊದಲ ಬಾರಿಗೆ ನಡೆಸಿತು. ಆ ಸಂಗತಿ ಮೈದಾನದ ಚರಿತ್ರೆಗೆ ಸೇರಿದ್ದು. ತರಬೇತುದಾರರ ಚರಿತ್ರೆಯಲ್ಲಿ ಅದಕ್ಕೆ ಒಂದು ವಾಕ್ಯ ಸಾಕು.

ಹೆಚ್ಚಿನ ಬರಹಗಳು 1946ರಲ್ಲಿ, ಮುಖ್ಯ ತರಬೇತುದಾರರಾಗಿ ಅವರ ಕೊನೆಯ ಸೀಸನ್‌ನೊಂದಿಗೆ ನಿಂತುಬಿಡುತ್ತವೆ, ಏಕೆಂದರೆ ಅದರ ನಂತರ ಅವರ ಖಾತೆಗೆ ಗೆಲುವು ಸೇರುವುದಿಲ್ಲ. ಆದರೆ 1947ರಿಂದ 1952ರವರೆಗೆ ಅವರು ಪೆನ್ಸಿಲ್ವೇನಿಯಾದ ಸಸ್ಕ್ವಹಾನಾ ವಿಶ್ವವಿದ್ಯಾಲಯದಲ್ಲಿ ಮಗ ಏಮಸ್ ಜೂನಿಯರ್ ಜೊತೆ ತಂಡವನ್ನು ನಡೆಸಿದರು. 1894ರಲ್ಲಿ ಮದುವೆಯಾದ ದಿನದಿಂದ ಪಂದ್ಯಗಳ ಚಲನೆಯನ್ನು ಕಾಗದದ ಮೇಲೆ ಗುರುತು ಹಾಕಿಕೊಡುತ್ತ ಬಂದ ಪತ್ನಿ ಸ್ಟೆಲ್ಲಾ ಅವರ ದುಡಿಮೆಯೂ ಯಾವ ಕೋಷ್ಟಕದಲ್ಲಿಯೂ ಇಲ್ಲದಿರುವುದರಿಂದ ಅದನ್ನು ವಾಕ್ಯದಲ್ಲಿಯೇ ಬರೆಯಬೇಕು. ಆಮೇಲೆ ಸ್ಟಾಕ್‌ಟನ್‌ಗೆ ಮರಳಿದ ಸ್ಟ್ಯಾಗ್ ಅವರು ಅಲ್ಲಿನ ಸ್ಟಾಕ್‌ಟನ್ ಕಾಲೇಜಿನ ಹುಡುಗರಿಗೆ ಚೆಂಡು ಒದೆಯುವುದನ್ನು ಕಲಿಸುತ್ತ ತಮ್ಮ 96ನೆಯ ವಯಸ್ಸಿನವರೆಗೂ ಮೈದಾನಕ್ಕೆ ಹೋಗುತ್ತಿದ್ದರು. ನಿಮ್ಮ ಕೋಷ್ಟಕದಲ್ಲಿ ಆ ವರ್ಷಗಳಿಗೂ ಮನೆ ಬಿಡಿ, ಅಂಕಿಯ ಜಾಗದಲ್ಲಿ ‘ಒದೆತದ ತರಬೇತಿ’ ಎಂದು ಬರೆಯಿರಿ.